ನಮ್ಮ ಕೊಟ್ಟಿಗೆಗೆ ಬಂದ ರೇಸ್ ಕುದುರೆ

ಬೇಸಿಗೆ ರಜೆಯ ಒಂದು ಮಧ್ಯಾಹ್ನ. ಅಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ನಾರು ಬಿಡಿಸುತ್ತಿದ್ದೆ. ಬಂಗಾರಪೇಟೆಯ ಶಾಲೆಯೊಂದರಲ್ಲಿ ಪಾಠ ಹೇಳುವ ನನಗೆ ವರ್ಷದಲ್ಲಿ ಆ ರಜೆಯಲ್ಲಿ ಮಾತ್ರ ಅಮ್ಮನ ಜೊತೆ ಹೀಗೆ ಕೂರುವ ಪುರುಸೊತ್ತು. ಅಪ್ಪ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಎತ್ತುಗಳನ್ನು ಮಾರಿದ ಮೇಲೆ ಕೊಟ್ಟಿಗೆಯ ಇನ್ನರ್ಧ ಖಾಲಿ ಬಿದ್ದಿತ್ತು.

ಆ ಖಾಲಿ ಜಾಗ ಕೇಳಿಕೊಂಡು ಒಬ್ಬ ಹುಡುಗಿ ಬಂದಳು. ಮೂವತ್ತರ ಆಸುಪಾಸು, ಬಿಸಿಲಿಗೆ ಕಂದಿದ ಮುಖ, ಭುಜಕ್ಕೆ ಬಟ್ಟೆಯ ಚೀಲ. ತಮಿಳು ಬೆರೆತ ಕನ್ನಡ. ತಾನು ಹುಟ್ಟಿದ್ದು ಊರಿಗಾಂನಲ್ಲೇ, ಚಿನ್ನದ ಗಣಿ ಮುಚ್ಚಿದಾಗ ಮನೆಯವರೆಲ್ಲ ಹೊಸೂರಿಗೆ ಹೋದೆವು ಎಂದಳು. ಈಗ ಸಿನಿಮಾ ಮಾಡಲು ಬಂದಿದ್ದಾಳಂತೆ. ಆಮೇಲೆ ನಾವು ಅವಳನ್ನು ಡೈರೆಕ್ಟರಮ್ಮ ಎಂದೇ ಕರೆದೆವು.

"ಅಮ್ಮಾ, ನಿಮ್ಮ ಕೊಟ್ಟಿಗೇಲಿ ಜಾಗ ಇದೆ ಅಂತ ಡೇರಿ ಹತ್ರ ಹೇಳಿದ್ರು. ಒಂದು ತಿಂಗಳಿಗೆ ಕೊಡ್ತೀರಾ?"

"ಏನು ಕಟ್ಟಾಕಮ್ಮಾ?"

"ಕುದುರೆ."

"ಜಟಕಾ ಕುದ್ರೆನಾ?"

"ಇಲ್ಲಮ್ಮಾ, ರೇಸ್ ಕುದುರೆ."

ಅಮ್ಮನ ಕೈಯಲ್ಲಿದ್ದ ಕಲ್ಲು ನಿಂತಿತು. "ಬ್ಯಾಡ ಕಣಮ್ಮಾ. ಬ್ಯಾರೆ ಕಡೆ ನೋಡ್ಕೋ," ಎಂದು ಮತ್ತೆ ತಲೆ ತಗ್ಗಿಸಿ ಜಜ್ಜತೊಡಗಿದಳು.

ಅದು ಸಿಡುಕಿನ ಮಾತಲ್ಲ ಎಂದು ನನಗೆ ಗೊತ್ತಿತ್ತು. ಬಂದ ಹುಡುಗಿಗೆ ಹೇಗೆ ಗೊತ್ತಾಗಬೇಕು?

ಅಪ್ಪ ಚಾಂಪಿಯನ್ ರೀಫ್ಸ್‌ನಲ್ಲಿ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಕುಡಿತವಿಲ್ಲ, ಬೀಡಿಯಿಲ್ಲ. ಇದ್ದದ್ದು ಒಂದೇ ಹುಚ್ಚು. ಬೆಂಗಳೂರಿನಲ್ಲಿ ರೇಸ್ ನಡೆಯುವ ದಿನಗಳಲ್ಲಿ ರಜೆ ಸಿಕ್ಕಿತೆಂದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮಾರಿಕುಪ್ಪಂನಿಂದ ಬರುವ ರೈಲು ಹತ್ತಿಬಿಡುತ್ತಿದ್ದ. ಬೆಂಗಳೂರು ಸ್ಟೇಷನ್ನಿನಿಂದ ರೇಸ್ ಕೋರ್ಸಿಗೆ ನಡೆದೇ ಹೋಗಬಹುದು. ಕತ್ತಲಾಗುವ ಹೊತ್ತಿಗೆ ವಾಪಸ್. ಊಟಕ್ಕೆ ಕೂತರೆ ಮುದ್ದೆ ಮುರಿಯುತ್ತ ಅಂದು ನೋಡಿದ ಕುದುರೆಗಳ ವರ್ಣನೆ. ಯಾವುದು ಗೆದ್ದಿತು ಎನ್ನುವುದನ್ನು ಹೇಳುತ್ತಲೇ ಇರಲಿಲ್ಲ. ಒಂದರ ಬಣ್ಣ ಹೊಸ ತಾಮ್ರದ ಕೊಡದಂತೆ ಇತ್ತು, ಇನ್ನೊಂದು ಹೆಜ್ಜೆ ಇಟ್ಟರೆ ನೆಲಕ್ಕೆ ನೋವಾದೀತೇನೋ ಎಂಬಂತೆ ನಡೆಯುತ್ತಿತ್ತು, ಇಂಥವೇ. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಅಮ್ಮ ಸಾರಿನ ಪಾತ್ರೆಯನ್ನು ಬೇಕಂತಲೇ ಜೋರಾಗಿ ಕುಕ್ಕುತ್ತಿದ್ದಳು. ಅಪ್ಪ ದುಡ್ಡು ಕಟ್ಟುತ್ತಿದ್ದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಇಲ್ಲ ಎನ್ನುತ್ತಿದ್ದ. ಅಮ್ಮ ನಂಬುತ್ತಿರಲಿಲ್ಲ.

ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ರೇಸಿಗೆ ಮುಂಚೆ ಕುದುರೆಗಳನ್ನು ಸುತ್ತು ಹಾಕಿಸುವ ಜಾಗವೊಂದಿದೆ. ಅದರ ಬೇಲಿಗೆ ಆತುಕೊಂಡು ನಿಂತೆವು. ಗಂಟೆ ಹೊಡೆದು ಜನವೆಲ್ಲ ಓಟ ನೋಡಲು ಆ ಕಡೆ ನುಗ್ಗಿದರೂ ಅಪ್ಪ ಕೊನೆಯ ಕುದುರೆ ಕಣ್ಮರೆಯಾಗುವ ತನಕ ಅಲ್ಲೇ ನಿಂತಿದ್ದ. "ಕಿವಿ ನೋಡು ಮಗಾ, ಎಂಗ್ ನಿಮಿರಿಸ್ತೈತೆ," ಎಂದು ನನ್ನ ಗದ್ದ ಹಿಡಿದು ತಿರುಗಿಸಿದ್ದ. ಹಸಿ ಹುಲ್ಲಿನ ವಾಸನೆ, ಬೆವರಿನ ವಾಸನೆ, ಅಪ್ಪನ ಅಂಗಿಯ ಗಂಜಿಯ ವಾಸನೆ. ರೇಸ್ ಎಂದರೆ ನನಗೆ ಇವತ್ತಿಗೂ ಮೂಗಿಗೆ ಬರುವುದು ಅವೇ.

ನಾನು ಹೈಸ್ಕೂಲಿನಲ್ಲಿದ್ದಾಗ ಅಂಥದೇ ಒಂದು ದಿನ ಅಪ್ಪ ಬೆಂಗಳೂರಿಗೆ ಹೋಗಿದ್ದ. ಮನೆಯಲ್ಲಿ ಹಸು ಈಯಲು ಒದ್ದಾಡಿತು. ಕರು ಅಡ್ಡ ತಿರುಗಿತ್ತು. ಅಮ್ಮ ಒಬ್ಬಳೇ ತೋಳಿನ ತನಕ ರಕ್ತ ಮಾಡಿಕೊಂಡು ಎಳೆದಳು. ನಾನು ಡಾಕ್ಟರನ್ನು ಕರೆತರಲು ಸೈಕಲ್ಲಿನಲ್ಲಿ ಹೋಗಿ ಬರುವಷ್ಟರಲ್ಲಿ ಕರು ಸತ್ತು ಹುಟ್ಟಿತ್ತು. ಹಸು ಹೇಗೋ ಉಳಿಯಿತು. ಸಂಜೆ ಅಪ್ಪ ಬಂದಾಗ ಅಮ್ಮ ಕಿರುಚಲಿಲ್ಲ. ಕೈ ತೊಳೆಯದೆ ಹೊಸಿಲ ಮೇಲೆ ಕೂತಿದ್ದಳು, ಅಷ್ಟೆ. ಅಪ್ಪ ಬಿಳಿ ಅಂಗಿಯಲ್ಲೇ ಗುಂಡಿ ತೋಡಿ ಕರುವನ್ನು ಹೂತ. ಮುಂದೆ ಎಷ್ಟೋ ಕಾಲ ರೇಸಿಗೆ ಹೋಗಲಿಲ್ಲ. ಆಮೇಲೆ ಗಣಿ ಮುಚ್ಚಿ, ಕೆಲಸ ಹೋಗಿ, ಹೊಲ-ಹಸು ನೋಡಿಕೊಂಡು ಇರಬೇಕಾಗಿ ಬಂದಾಗ ಮತ್ತೆ ಯಾವಾಗಲಾದರೂ ಒಮ್ಮೊಮ್ಮೆ ಹೋಗಿ ಬರುತ್ತಿದ್ದ. ಆದರೆ ಊಟದ ಹೊತ್ತಿನ ಕುದುರೆ ಮಾತು ನಿಂತೇಹೋಯಿತು. ಎದೆನೋವಿನಿಂದ ಅವನು ತೀರಿಕೊಂಡು ಕೆಲವು ವರ್ಷವಾಗಿದ್ದರೂ ಅಮ್ಮನ ಎದುರು ಕುದುರೆ ಎನ್ನುವ ಪದ ಯಾರೂ ಎತ್ತುತ್ತಿರಲಿಲ್ಲ.

ಇದೆಲ್ಲ ಗೊತ್ತಿಲ್ಲದ ಹುಡುಗಿ ಬಲವಂತ ಮಾಡಲಿಲ್ಲ. "ಪರವಾಗಿಲ್ಲಮ್ಮಾ," ಎಂದು ಎದ್ದು, "ಒಂದು ಬಕೆಟ್ ನೀರು ಕೊಡ್ತೀರಾ? ಅದು ಲಾರಿಯಲ್ಲಿದೆ, ಬೆಳಿಗ್ಗೆಯಿಂದ," ಎಂದಳು.

"ಎಲ್ಲೈತೆ ಲಾರಿ?"

"ರೋಡಲ್ಲಿ."

"ಈ ಬಿಸ್ಲಾಗಾ?" ಅಮ್ಮ ಕೈಗಂಟಿದ ಹುಣಸೆಯನ್ನು ಸೆರಗಿಗೆ ಒರೆಸಿಕೊಂಡು ಎದ್ದೇಬಿಟ್ಟಳು. ಬಕೆಟನ್ನು ಯಾರ ಕೈಗೂ ಕೊಡದೆ ತಾನೇ ತುಂಬಿಕೊಂಡು ಹೊರಟಳು.

ರಸ್ತೆಯ ಅಂಚಿನಲ್ಲಿ, ಅರ್ಧಂಬರ್ಧ ನೆರಳಿನ ಹೊಂಗೆಮರದ ಕೆಳಗೆ ಲಾರಿ ನಿಂತಿತ್ತು. ಒಳಗೆ ಕಂದು ಬಣ್ಣದ ಹೆಣ್ಣು ಕುದುರೆ. ಹಣೆಯಲ್ಲಿ ಬಿಳಿ ಬೊಟ್ಟು, ಕತ್ತೆಲ್ಲ ಬೆವರಿ ಕಪ್ಪಾಗಿತ್ತು. ಪಕ್ಕದಲ್ಲಿ ನಿಂತು ಟವೆಲಿನಿಂದ ನೊಣ ಓಡಿಸುತ್ತಿದ್ದವರು ಕುದುರೆ ನೋಡಿಕೊಳ್ಳುವ ಸೈಸ್, ಬೆಂಗಳೂರಿನ ಸಾಬರು, ಗಡ್ಡ ನೆರೆತಿತ್ತು. ಕುದುರೆ ಬಕೆಟ್ಟಿಗೆ ಮೂತಿ ಇಟ್ಟು ಒಂದೇ ಸಲಕ್ಕೆ ಖಾಲಿ ಮಾಡಿತು. ಅಮ್ಮ ಇನ್ನೊಂದು ತಂದಳು. ಅದೂ ಖಾಲಿ. ಖಾಲಿಯಾದ ಮೇಲೆ ಒದ್ದೆ ಮೂತಿಯನ್ನು ಅಮ್ಮನ ಭುಜಕ್ಕೆ ತಂದು ಒತ್ತಿತು. ಅಮ್ಮ ಹಿಂದೆ ಸರಿಯಲಿಲ್ಲ.

"ಇಳ್ಸಿ ಸಾಬ್ರೇ. ಮೊದ್ಲು ಇಳ್ಸಿ, ಆಮ್ಯಾಕೆ ಮಾತು," ಎಂದಳು.

ಆಮೇಲೆ ಮಾತೇ ಆಗಲಿಲ್ಲ. ಕುದುರೆ ನಮ್ಮ ಕೊಟ್ಟಿಗೆಯಲ್ಲಿ ಉಳಿಯಿತು.

ಮೊದಲ ಕೆಲವು ದಿನ ಹಸುಗಳು ಮುನಿಸಿಕೊಂಡು ಹಾಲು ಕಡಿಮೆ ಕೊಟ್ಟವು. ಅಮ್ಮ ಅವುಗಳಿಗೂ ಬೈದಳು, ಕುದುರೆಗೂ ಬೈದಳು. ಕುದುರೆಗೆ ರಾಗಿ ಹುಲ್ಲು ಮೂಸಿ ಕೂಡ ನೋಡುವ ಮನಸ್ಸಿರಲಿಲ್ಲ. ಸಾಬರು ಬೆಂಗಳೂರಿನಿಂದ ಒಣಹುಲ್ಲು ತರಿಸುತ್ತಿದ್ದರು. ಆದರೆ ಬೇಯಿಸಿದ ಹುರುಳಿ ಎಂದರೆ ಅದಕ್ಕೆ ಪ್ರಾಣ. ಹುರುಳಿ ಬೇಯಿಸುವ ಕೆಲಸ ತಾನಾಗಿ ಅಮ್ಮನ ಪಾಲಿಗೆ ಬಂತು. ಬೆಳಿಗ್ಗೆ ಸೌದೆ ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಹುರುಳಿ ಕುದಿಯುತ್ತಿತ್ತು. ಬೆಂದ ಕಾಳು ಕುದುರೆಗೆ, ಬಸಿದ ಕಟ್ಟಿನ ನೀರಿಗೆ ಬೆಳ್ಳುಳ್ಳಿ ಮೆಣಸಿನಕಾಯಿ ಅರೆದು ಹಾಕಿ ಸಾರು ಸಿನಿಮಾದವರಿಗೆ. ಹತ್ತು ಹದಿನೈದು ಜನ ಹುಡುಗ ಹುಡುಗಿಯರು ನಮ್ಮ ಜಗಲಿಯ ಮೇಲೆ ಕೂತು ಮುದ್ದೆ ನುಂಗಲು ಕಲಿತರು. ಕೆಲವರು ಅಗಿದು ತಿನ್ನುತ್ತಿದ್ದರು. ಅಮ್ಮನಿಗೆ ಅದನ್ನು ನೋಡಿದರೆ ನಗು ತಡೆಯಲಾಗುತ್ತಿರಲಿಲ್ಲ. ಮನೆಯಲ್ಲಿ ಅಷ್ಟು ಗದ್ದಲ ಕೇಳಿ ಎಷ್ಟು ಕಾಲವಾಗಿತ್ತೋ.

ಒಂದು ಸಂಜೆ ನಾನು ಡೈರೆಕ್ಟರಮ್ಮನನ್ನು ಕೇಳಿದೆ. "ನಿಮ್ಮ ಸಿನಿಮಾದಲ್ಲಿ ಏನಾಗುತ್ತೆ?"

"ಜಾಸ್ತಿ ಏನೂ ಆಗಲ್ಲ ಅಕ್ಕಾ," ಎಂದು ನಕ್ಕಳು. ಆಮೇಲೆ ಹೇಳಿದಳು. ಒಬ್ಬ ಮುದುಕ, ಒಂದು ಕಾಲದ ಜಾಕಿ. ರೇಸಿಗೆ ಬೇಡವಾದ ಒಂದು ಕುದುರೆಯನ್ನು ಕರೆದುಕೊಂಡು ಊರಿಗಾಂನ ಗಣಿ ಕಾರ್ಮಿಕರ ಲೈನುಮನೆಗೆ, ತನ್ನ ಅಪ್ಪ ಅಮ್ಮ ಇದ್ದ ಮನೆಗೆ ವಾಪಸ್ ಬರುತ್ತಾನೆ. ದಿನಾ ಅದನ್ನು ನಡೆಸುತ್ತಾನೆ, ತೊಳೆಯುತ್ತಾನೆ, ತಿನ್ನಿಸುತ್ತಾನೆ. ಒಂದು ದಿನ ಅದು ಎದುರಾಳಿಯಿಲ್ಲದೆ ಓಡುತ್ತದೆ. ಅಷ್ಟೆ.

"ಗೆಲ್ಲೋದು ಸೋಲೋದು?"

"ಅದು ಇಲ್ಲ ಅಕ್ಕಾ."

ಅಪ್ಪ ಇದ್ದಿದ್ದರೆ ಈ ಹುಡುಗಿಯ ಜೊತೆ ಎಷ್ಟು ಮಾತಾಡುತ್ತಿದ್ದ ಅನ್ನಿಸಿತು. ಅವತ್ತು ಅವಳಿಗೆ ಅಪ್ಪನ ವಿಷಯ ಹೇಳಿದೆ. ಬೇಲಿಯ ಪಕ್ಕ ನಿಂತದ್ದು, ಊಟದ ಹೊತ್ತಿನ ಮಾತು, ಸತ್ತ ಕರು, ಎಲ್ಲ. ಅವಳು ಎಲ್ಲ ಕೇಳಿ, ಕೊನೆಗೆ "ಅಮ್ಮ ಹೇಗೆ ಒಪ್ಪಿದ್ರು ಹಾಗಿದ್ರೆ?" ಎಂದಳು. "ಅದಕ್ಕೆ ಬಾಯಾರಿತ್ತಲ್ಲ," ಎಂದೆ. ನನಗೂ ಬೇರೆ ಕಾರಣ ಗೊತ್ತಿರಲಿಲ್ಲ.

ಜಾಕಿಯ ಪಾತ್ರಕ್ಕೆ ಆರಿಸಿದ್ದು ಚಾಂಪಿಯನ್ ರೀಫ್ಸ್‌ನ ಒಬ್ಬ ಹಿರಿಯರನ್ನು. ಗಣಿಯಲ್ಲಿ ಕೆಲಸ ಮಾಡುತ್ತಲೇ ತಮಿಳು ನಾಟಕಗಳಲ್ಲಿ ವೇಷ ಹಾಕುತ್ತಿದ್ದವರು. ಸಣಕಲು ಮೈ, ನೆಟ್ಟ ಬೆನ್ನು, ನೋಡಿದರೆ ಜಾಕಿಯೇ. ಒಂದೇ ತೊಂದರೆ ಎಂದರೆ ಅವರಿಗೆ ಕುದುರೆಯನ್ನು ಕಂಡರೆ ಭಯ. ಲಗಾಮು ಕೈಗೆ ಕೊಟ್ಟರೆ ತೋಳು ಪೂರ್ತಿ ಚಾಚಿ, ಕುದಿಯುವ ಪಾತ್ರೆ ಹಿಡಿದವರ ಹಾಗೆ ನಿಲ್ಲುತ್ತಿದ್ದರು.

"ಏನಣ್ಣಾ, ನೀವು ಜಾಕಿ ಅಂತೀರಾ, ಇಂಗೆ ಎದ್ರುಕೊಂಡ್ರೆ ಎಂಗೆ?" ಎಂದಳು ಅಮ್ಮ.

"ನಾನು ನಾಟಕದಲ್ಲಿ ಎಷ್ಟೋ ಸಲ ರಾಜ ಆಗಿದೀನಮ್ಮಾ. ಆದ್ರೆ ಸ್ಟೇಜ್ ಮೇಲೆ ನಡ್ಕೊಂಡೇ ಬಂದೆ. ಕುದ್ರೆ ಹೊರಗಡೆ ಕಟ್ಟಿದೀನಿ ಅಂತ ಡೈಲಾಗ್ ಇರ್ತಿತ್ತು," ಎಂದರು ಅವರು. ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ಅಮ್ಮ ಹುರುಳಿಯ ಬುಟ್ಟಿಯನ್ನು ಅವರ ಕೈಗೆ ಕೊಟ್ಟಳು. ಇನ್ನು ಮೇಲೆ ನೀವೇ ತಿನ್ನಿಸಿ ಎಂದಳು. ಮೊದಲ ದಿನ ಬುಟ್ಟಿಯನ್ನು ನೆಲಕ್ಕಿಟ್ಟು ದೂರ ಸರಿದರು. ಆಮೇಲೆ ಬುಟ್ಟಿ ಹಿಡಿದು ನಿಂತರು. ಇನ್ನೂ ಕೆಲವು ದಿನ ಕಳೆದ ಮೇಲೆ ಅಂಗೈಯಲ್ಲಿ ಕಾಳು ಹಾಕಿಕೊಂಡು ಕಣ್ಣು ಮುಚ್ಚಿಕೊಂಡು ಚಾಚಿದರು. ಕುದುರೆಯ ತುಟಿ ಅಂಗೈಗೆ ತಾಗಿದಾಗ ಚಿಕ್ಕ ಮಗುವಿನಂತೆ "ಅಯ್ಯೋ, ಕಚಗುಳಿ!" ಎಂದು ಕೂಗಿದರು. ಆ ದಿನದಿಂದ ಮನೆಗೆ ಹೋಗುವ ರೈಲಿಗೆ ಇನ್ನೂ ಹೊತ್ತಿದ್ದರೆ ಅವರು ಕೊಟ್ಟಿಗೆಯಲ್ಲೇ ಕೂತು ಕುದುರೆಗೆ ಹಳೆಯ ನಾಟಕದ ಪದಗಳನ್ನು ಹೇಳುತ್ತಿದ್ದರು. ಅಮ್ಮ ಹಾಲು ಕರೆಯುತ್ತ ಕೇಳುತ್ತಿದ್ದಳು.

ಶೂಟಿಂಗ್ ನೋಡಲು ಊರಿನವರು ಹಿಂಡುಹಿಂಡಾಗಿ ಬಂದರು. ರೇಸ್ ಸಿನಿಮಾ ಎಂದರೆ ಧೂಳೆಬ್ಬಿಸಿಕೊಂಡು ಕುದುರೆಗಳು ಓಡಬೇಕಲ್ಲ? ಇಲ್ಲಿ ನೋಡಿದರೆ ಒಬ್ಬ ಮುದುಕ ಲೈನುಮನೆಯ ಮೆಟ್ಟಿಲ ಮೇಲೆ ಕೂತು ಹಗ್ಗ ಹೊಸೆಯುತ್ತಾನೆ. ಕುದುರೆ ಬಾಲ ಅಲ್ಲಾಡಿಸುತ್ತದೆ. ಹಿಂದೆ, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಮೇಲಿಂದ ಗಾಳಿಗೆ ಬಿಳಿ ಪುಡಿ ಏಳುತ್ತದೆ. ಕ್ಯಾಮೆರಾ ಅದನ್ನೇ ನೋಡುತ್ತ ನಿಂತಿರುತ್ತದೆ. ನಮ್ಮ ಪಕ್ಕದ ಮನೆಯಾತ ಒಂದು ಬೆಳಿಗ್ಗೆಯೆಲ್ಲ ಕಾದು, "ಏನಮ್ಮಾ ಇದು, ಓಡೋದೇ ಇಲ್ವಾ? ನಮ್ಮೆಮ್ಮೆನಾದ್ರೂ ಇಟ್ಕೊಂಡು ತೆಗೀಬೌದಿತ್ತು ಇದ್ನ," ಎಂದು ಡೈರೆಕ್ಟರಮ್ಮನ ಮುಖಕ್ಕೇ ಹೇಳಿ ಹೋದ. ಅವಳಿಗೆ ಸ್ವಲ್ಪವೂ ಬೇಜಾರಾಗಲಿಲ್ಲ.

ಬೇಜಾರಾದದ್ದು ಊರಿಗಾಂ ಸ್ಟೇಷನ್ನಿನಲ್ಲಿ. ಮುದುಕ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ನಿದ್ದೆ ಹೋಗಿರುತ್ತಾನೆ. ಕುದುರೆ ತಾನಾಗಿ ನಡೆದು ಬಂದು ಅವನ ಪಕ್ಕ ನಿಲ್ಲಬೇಕು. ರೈಲು ಬಂದು ಹೋಗುವ ನಡುವಿನ ಬಿಡುವಿನಲ್ಲಿ ತೆಗೆಯಬೇಕು. ಕುದುರೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಸಾಬರು ಬೆಂಚಿನ ಹಿಂದೆ ಬಗ್ಗಿ ಕೂತು ಕರೆದರೆ ಕುದುರೆ ಅವರು ಎಲ್ಲಿ ಅಡಗಿದ್ದಾರೆಂದು ಹುಡುಕಿಕೊಂಡು ಬೆಂಚನ್ನೇ ದಾಟಿ ಹೋಗುತ್ತಿತ್ತು. ಇನ್ನೊಮ್ಮೆ ಪ್ಲಾಟ್‌ಫಾರಮ್ಮಿನ ಬೇವಿನಮರಕ್ಕೆ ಮೈ ಉಜ್ಜಿಕೊಂಡು ನಿಂತುಬಿಟ್ಟಿತು. ಡೈರೆಕ್ಟರಮ್ಮ ಟೋಪಿ ತೆಗೆದು ಮುಖ ಮುಚ್ಚಿಕೊಂಡು ಕೂತಳು.

ಮೂರನೆಯ ದಿನ ಅಮ್ಮನೂ ನಾನೂ ಊಟ ತೆಗೆದುಕೊಂಡು ಹೋದೆವು. ಅಮ್ಮನಿಗೆ ಶೂಟಿಂಗ್ ನಡೆಯುತ್ತಿದೆ ಎಂದು ಗೊತ್ತಾಗಲಿಲ್ಲ. ಪ್ಲಾಟ್‌ಫಾರಮ್ಮಿನ ಈ ತುದಿಯಲ್ಲಿ ಪಾತ್ರೆ ಇಳಿಸುತ್ತ, ಆ ತುದಿಯಲ್ಲಿದ್ದ ಕುದುರೆಯನ್ನು ಕಂಡು, ಮನೆಯಲ್ಲಿ ಕರೆಯುವ ಹಾಗೆಯೇ ಕರೆದಳು.

"ಬಾರಮ್ಮಾ, ನನ್ ತಾಯೀ, ಒಟ್ಟೆ ಅಸೀತಾ?"

ಕುದುರೆ ತಲೆಯೆತ್ತಿತು. ಗೊರಸು ಸಪ್ಪಳ ಮಾಡುತ್ತ ನಿಧಾನವಾಗಿ ನಡೆದು ಬಂತು. ಬೆಂಚಿನ ಹತ್ತಿರ ಬಂದಾಗ ಅಲ್ಲಿ ಮಲಗಿದ್ದ ಹಿರಿಯರ ಅಂಗಿಯಲ್ಲಿ ಹುರುಳಿಯ ವಾಸನೆ ಹಿಡಿಯಿತೋ ಏನೋ, ನಿಂತು, ಬಗ್ಗಿ, ಅವರ ಎದೆಯನ್ನು ಮೂಸಿತು. ಕ್ಯಾಮೆರಾ ಓಡುತ್ತಲೇ ಇತ್ತು. ಡೈರೆಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಆಮೇಲೆ ಓಡಿ ಬಂದು ಅಮ್ಮನನ್ನು ತಬ್ಬಿಕೊಂಡಳು. "ನಾನೇನ್ ಮಾಡ್ದೆ ಈಗ?" ಎಂದು ಅಮ್ಮ ಕಕ್ಕಾಬಿಕ್ಕಿಯಾದಳು.

ಓಟದ ದೃಶ್ಯವನ್ನು ಕೊನೆಗೆ ಇಟ್ಟುಕೊಂಡಿದ್ದರು. ನಮ್ಮೂರ ಕೆರೆಗೆ ಆಗಿನ್ನೂ ನೀರು ಬಿಟ್ಟಿರಲಿಲ್ಲ, ಒಣಗಿ ಬಯಲಾಗಿತ್ತು. ಕೆರೆಯಂಗಳದ ಜಾಲಿಯನ್ನು ಕಡಿಸಿ, ಕಲ್ಲು ಆರಿಸಿ, ಉದ್ದಕ್ಕೆ ದಾರಿಯಂತೆ ಮಾಡಿದ್ದರು. ಬೆಂಗಳೂರಿನಲ್ಲಿ ಬೆಳಗಿನ ಹೊತ್ತು ಕುದುರೆಗಳನ್ನು ಓಡಿಸಿ ಪಳಗಿಸುವ ಹುಡುಗಿಯೊಬ್ಬಳು ಸವಾರಿಗೆ ಬಂದಳು. ಸೂರ್ಯ ಹುಟ್ಟುವ ಹೊತ್ತಿಗೆ ತೆಗೆಯಬೇಕು ಎಂದರು.

ಅಮ್ಮ ಬರುವುದಿಲ್ಲ ಅಂದುಕೊಂಡಿದ್ದೆ. ಅಷ್ಟು ದಿನ ಕುದುರೆಗೆ ತಿನ್ನಿಸಿದ್ದಳು, ಮೈ ತಿಕ್ಕಿದ್ದಳು. ಆದರೆ ಅದು ರೇಸ್ ಕುದುರೆ ಎನ್ನುವ ಮಾತು ಮಾತ್ರ ಅವಳ ಬಾಯಿಂದ ಒಂದು ಸಲವೂ ಬಂದಿರಲಿಲ್ಲ. ಆದರೂ ಅವತ್ತು ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದುಕೊಂಡೇ ಕೆರೆ ಏರಿಯ ಮೇಲೆ ಬಂದು ನನ್ನ ಪಕ್ಕ ನಿಂತಳು.

ಮೊದಲು ಕುದುರೆ ಅಂಗಳದಲ್ಲಿ ಸುಮ್ಮನೆ ನಡೆಯಿತು. ಆಮೇಲೆ ಕುಣಿಯುತ್ತ ಹೆಜ್ಜೆ ಹಾಕಿತು. ದೂರದ ತುದಿಗೆ ಹೋಗಿ ತಿರುಗಿತು. ಸವಾರಿಯ ಹುಡುಗಿ ಅದರ ಕತ್ತಿನ ಮೇಲೆ ಬಗ್ಗಿದಳು. ಅದೇನಾಯಿತೋ, ಅಷ್ಟು ದಿನ ನಮ್ಮ ಕೊಟ್ಟಿಗೆಯಲ್ಲಿ ತೂಕಡಿಸುತ್ತ, ಮಾವಿನಕಾಯಿ ಕದ್ದು ತಿಂದು ವಾಟೆ ಉಗುಳುತ್ತ ಇದ್ದ ಪ್ರಾಣಿ ಇದೇನಾ ಅನ್ನಿಸಿತು. ಮೈ ನೆಲಕ್ಕೆ ಇಳಿದು ಉದ್ದವಾಯಿತು. ಗೊರಸಿನ ಸದ್ದು ಕಿವಿಗಿಂತ ಮೊದಲು ಕಾಲಡಿಯ ಏರಿಯಲ್ಲಿ ತಿಳಿಯಿತು. ಕೆಂಪು ಬೆಳಕಿನಲ್ಲಿ ಧೂಳು ಅದರ ಹಿಂದೆ ಗೋಡೆಯಂತೆ ಎದ್ದಿತು. ನಮ್ಮ ಎದುರು ಹಾದುಹೋದಾಗ ಅದರ ಉಸಿರು ಕೇಳಿಸಿತು, ಒಲೆ ಊದಿದ ಹಾಗೆ. ಅಷ್ಟೇ. ಆಮೇಲೆ ಧೂಳು.

ಊರಿನ ಜನ ಶಿಳ್ಳೆ ಹೊಡೆದರು. ನಾನು ಅಮ್ಮನ ಕಡೆ ತಿರುಗಿದೆ. ಅವಳು ಕ್ಯಾನನ್ನು ಎದೆಗೆ ಅವುಚಿಕೊಂಡಿದ್ದಳು. ಕಣ್ಣಲ್ಲಿ ನೀರು. ಒರೆಸಿಕೊಳ್ಳಲೂ ಇಲ್ಲ.

"ನಿಮ್ಮಪ್ಪ ನೋಡಾಕ್ ಓಗ್ತಿದ್ದಿದ್ದು ಇದ್ನೇನಾ?"

"ಇದನ್ನೇ ಅಮ್ಮಾ. ಇದಕ್ಕಿಂತ ಜಾಸ್ತಿ ಅವು ನಡೆಯೋದನ್ನ."

ಅಮ್ಮ ಧೂಳು ಇಳಿಯುವುದನ್ನು ನೋಡಿದಳು. "ಮದ್ವೆ ಆದ್ ಒಸ್ದ್ರಾಗ ಬಾ ಅಂತ ಕರ್ದಿದ್ದ ಕಣೇ. ಎಲ್ಡ್ ಮೂರ್ ಸಲ ಕರ್ದ. ಜೂಜಾಡೋರ್ ಮಧ್ಯ ನನ್ಗೇನ್ ಕೆಲ್ಸ ಅಂದ್ಬುಟ್ಟೆ. ಆಮ್ಯಾಕೆ ಕರೀನಿಲ್ಲ." ಕ್ಯಾನನ್ನು ಇನ್ನೊಂದು ಕೈಗೆ ಬದಲಿಸಿ, "ಕರು ಸತ್ತಿದ್ ನೋವು ನೋವೇಯ. ಅದು ಬ್ಯಾರೆ," ಎಂದಳು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ತಾನಾಗಿ ಅಪ್ಪನ ಮಾತು ತೆಗೆದಳು. ತಾಮ್ರದ ಕೊಡದ ಬಣ್ಣದ್ದು ಎಂದು ಹೇಳುತ್ತಿದ್ದನಲ್ಲ, ಅದರ ಹೆಸರೇನು, ನಿನಗೆ ನೆನಪಿದೆಯಾ ಎಂದು ಕೇಳಿದಳು. ಪಾತ್ರೆ ಕುಕ್ಕುತ್ತಲೇ ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನನಗೆ ಹೆಸರು ನೆನಪಿರಲಿಲ್ಲ. ನೆನಪಿದ್ದದ್ದನ್ನೆಲ್ಲ ಹೇಳಿದೆ. ಅಮ್ಮ ತನಗೆ ನೆನಪಿದ್ದದ್ದನ್ನು ಸೇರಿಸಿದಳು. ಸಾಬರು ಜಗಲಿಯಿಂದಲೇ, ಆ ಕಾಲದಲ್ಲಿ ನಾನೂ ಅಲ್ಲೇ ಕುದುರೆ ಹಿಡಿದು ಸುತ್ತು ಹಾಕಿಸುತ್ತಿದ್ದೆ, ಬೇಲಿಯ ಪಕ್ಕ ನಿಂತವರನ್ನು ಯಾರು ನೋಡುತ್ತಿದ್ದರು ಎಂದರು. "ಅವ್ರನ್ನೂ ನೋಡಿರ್ತೀನಿ ಅಮ್ಮಾ, ಗೊತ್ತಿಲ್ಲ," ಎಂದರು. ಅಪ್ಪ ಹೋದ ಮೇಲೆ ನಾವು ಅವನ ವಿಷಯ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಕುದುರೆ ಹೊರಡುವ ದಿನ ಅಮ್ಮ ಒಂದು ಚೀಲ ಹುರುಳಿ ಕಟ್ಟಿಕೊಟ್ಟಳು. ಲಾರಿ ಹತ್ತಲು ಅದು ಹಟ ಮಾಡಲಿಲ್ಲ. ರೇಸ್ ಕುದುರೆಗಳಿಗೆ ಊರೂರು ಸುತ್ತಿ ಅಭ್ಯಾಸವಿರುತ್ತದಂತೆ. ಲಾರಿ ತಿರುವಿನಲ್ಲಿ ಮರೆಯಾದ ಮೇಲೆ ನಮ್ಮ ದೊಡ್ಡ ಹಸು ಸಂಜೆಯ ತನಕ ಆ ಖಾಲಿ ಮೂಲೆಯ ಕಡೆ ನೋಡಿ ಕೂಗುತ್ತಿತ್ತು. ಹಿತ್ತಿಲಿಗೆ ಹಾಕಿದ ಕುದುರೆ ಲದ್ದಿಗೆ ಆ ವರ್ಷ ಹೀರೇಬಳ್ಳಿ ಚಪ್ಪರ ಮುರಿಯುವಷ್ಟು ಹಬ್ಬಿತು. ಕಾಯಿ ಕೊಯ್ಯುವಾಗಲೆಲ್ಲ ಅಮ್ಮ, ಇದು ನಮ್ಮಮ್ಮಂದು, ಎಂದು ಕುದುರೆಯನ್ನು ನೆನೆಯುತ್ತಿದ್ದಳು.

ಮುಂದಿನ ವರ್ಷ ಮಳೆಗಾಲ ಕಳೆದ ಮೇಲೆ ರಾಬರ್ಟ್‌ಸನ್‌ಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ ಸಿನಿಮಾ ತೋರಿಸಿದರು. ಬೇರೆ ಬೇರೆ ಊರುಗಳ ಚಿತ್ರೋತ್ಸವಗಳಿಗೆ ಹೋಗಿ ಬಂದಿತ್ತಂತೆ. ಮಂಟಪ ಭರ್ತಿ. ಆದರೆ ಅರ್ಧ ಗಂಟೆಯಲ್ಲೇ ಹಿಂದಿನ ಸಾಲುಗಳು ಖಾಲಿಯಾಗತೊಡಗಿದವು. ಕೆಲವರು ಕೂತಲ್ಲೇ ಗೊರಕೆ ಹೊಡೆದರು. ಉಳಿದವರು ತಮ್ಮ ತಮ್ಮ ಮನೆಗಳನ್ನು ಗುರುತಿಸುತ್ತಿದ್ದರು. "ಅದೋ ನಮ್ಮ ನಲ್ಲಿ!" "ನಮ್ಮಕ್ಕನ ಸೀರೆ ಒಣಗಾಕಿರೋದು ನೋಡು!" ಎಂದು ತಮಿಳಿನಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ ಕೂಗು. ಜಾಕಿ ಪಾತ್ರದ ಹಿರಿಯರು ಮುಂದಿನ ಸಾಲಿನಲ್ಲಿ ಬಿಳಿ ಪಂಚೆಯುಟ್ಟು ಕೂತು ತಮ್ಮನ್ನೇ ತಾವು ಬೇರೆ ಯಾರನ್ನೋ ನೋಡುವಂತೆ ನೋಡುತ್ತಿದ್ದರು.

ಊರಿಗಾಂ ಸ್ಟೇಷನ್ನಿನ ದೃಶ್ಯ ಬಂತು. ಖಾಲಿ ಪ್ಲಾಟ್‌ಫಾರಂ. ಬೆಂಚಿನ ಮೇಲೆ ಮಲಗಿದ ಮುದುಕ. ಎಲ್ಲಿಂದಲೋ ಒಂದು ಹೆಂಗಸಿನ ಧ್ವನಿ, "ಬಾರಮ್ಮಾ, ನನ್ ತಾಯೀ." ಡೈರೆಕ್ಟರಮ್ಮ ಅದನ್ನು ಅಳಿಸಿರಲಿಲ್ಲ. ಆ ಧ್ವನಿ ಯಾರದು ಎಂದು ಸಿನಿಮಾ ಹೇಳುವುದಿಲ್ಲ. ಮುದುಕನ ಕನಸಿನಲ್ಲಿ ಅವನ ತಾಯಿಯೋ ಹೆಂಡತಿಯೋ ಕರೆದಂತೆ ಇದೆ. ನಮ್ಮೂರಿನವರು ಮಾತ್ರ ಥಟ್ಟನೆ ಗುರುತು ಹಿಡಿದು ಚಪ್ಪಾಳೆ ತಟ್ಟಿದರು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಸಿನಿಮಾ ಮುಗಿದಾಗ ಡೈರೆಕ್ಟರಮ್ಮ ಬಂದು ಹೇಗಿತ್ತಮ್ಮಾ ಎಂದು ಕೇಳಿದಳು.

"ನಮ್ ಅಸೂನ ಒಂದ್ ಕಡೇನೂ ತೋರಿಸ್ನಿಲ್ವಲ್ಲಮ್ಮಾ," ಎಂದಳು ಅಮ್ಮ. ಆಮೇಲೆ ಅವಳ ಕೈ ಹಿಡಿದುಕೊಂಡು, "ಕುದ್ರೆ ಎಲ್ಲೈತೆ ಈಗ?" ಎಂದಳು.

ಕುದುರೆ ಬೆಂಗಳೂರಿನ ಹೊರವಲಯದಲ್ಲಿ ಮಕ್ಕಳಿಗೆ ಸವಾರಿ ಕಲಿಸುವ ಒಂದು ಜಾಗದಲ್ಲಿತ್ತು. ಸಾಬರೂ ಅಲ್ಲೇ ಕೆಲಸಕ್ಕೆ ಸೇರಿದ್ದರು. ಮುಂದಿನ ಭಾನುವಾರ ಹಾಲು ಕರೆದಿಟ್ಟು ನಾವಿಬ್ಬರೂ ರೈಲು ಹತ್ತಿದೆವು. ರೈಲಿಳಿದು ಬಸ್ಸು, ಬಸ್ಸಿಳಿದು ಆಟೋ. ಅಮ್ಮ ದಾರಿಯುದ್ದಕ್ಕೂ ಒಂದು ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಕುದುರೆ ಮೈ ತುಂಬಿಕೊಂಡಿತ್ತು. ಬೆನ್ನ ಮೇಲೆ ಒಂದು ಪುಟ್ಟ ಹುಡುಗಿಯನ್ನು ಕೂರಿಸಿಕೊಂಡು ಮರಳಿನ ಅಂಗಳದಲ್ಲಿ ಸುತ್ತುತ್ತಿತ್ತು. ಬೇಲಿಯ ಪಕ್ಕ ನಿಂತ ನಮ್ಮನ್ನು ದಾಟಿ ಹೋಯಿತು. ಗುರುತು ಹಿಡಿಯಲಿಲ್ಲವೇನೋ ಎಂದು ಅಮ್ಮನ ಮುಖ ಸಣ್ಣದಾಯಿತು. ಪಾಠ ಮುಗಿದ ಮೇಲೆ ಸಾಬರು ಅದನ್ನು ನಮ್ಮ ಹತ್ತಿರ ಕರೆತಂದರು. ಅಮ್ಮ ಚೀಲ ಬಿಚ್ಚಿ ಬೇಯಿಸಿದ ಹುರುಳಿ ತೆಗೆದಳು. ಕುದುರೆ ತಿಂದು ಮುಗಿಸಿ, ಮೂತಿಯಿಂದ ಅಮ್ಮನ ಸೆರಗನ್ನೆಲ್ಲ ತಡಕಾಡಿತು. ಗುರುತು ಅಮ್ಮನದೋ ಹುರುಳಿಯದೋ ನನಗೆ ಗೊತ್ತಿಲ್ಲ. ಅಮ್ಮ ಕೇಳಲಿಲ್ಲ.

"ಕೂತ್ಕೊಳ್ತೀರಾ ಅಮ್ಮಾ?" ಎಂದರು ಸಾಬರು.

"ಅಯ್ಯೋ, ನಾನಾ? ಈ ವಯಸ್ನಾಗಾ? ನೋಡ್ದೋರು ಏನಂದಾರು?"

"ಇಲ್ಲಿ ಯಾರಿದಾರೆ ನೋಡಕ್ಕೆ?"

ಮಕ್ಕಳು ಹತ್ತಲೆಂದು ಮರದ ಮೆಟ್ಟಿಲುಗಳಿದ್ದವು. ಅಮ್ಮ ಅವನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆಯನ್ನು ನಾಟಿ ಹಾಕುವಾಗ ಕಟ್ಟುವ ಹಾಗೆ ಎತ್ತಿ ಕಟ್ಟಿ, ಮೆಟ್ಟಿಲು ಹತ್ತಿಯೇಬಿಟ್ಟಳು. ನಾನೂ ಸಾಬರೂ ಎರಡೂ ಕಡೆ ಹಿಡಿದುಕೊಂಡು ಕೂರಿಸಿದೆವು. ಅಮ್ಮ ಎರಡೂ ಕೈಯಿಂದ ಕುದುರೆಯ ಕತ್ತಿನ ಕೂದಲನ್ನು ಬಿಗಿಯಾಗಿ ಹಿಡಿದು, ಹಲ್ಲು ಕಚ್ಚಿಕೊಂಡು, ಕಣ್ಣು ಮುಚ್ಚಿಕೊಂಡಿದ್ದಳು. ಸಾಬರು ನಾಲಗೆಯಿಂದ ಸಣ್ಣ ಸದ್ದು ಮಾಡಿದರು. ಕುದುರೆ ನಡೆಯಿತು.

ಅರ್ಧ ಸುತ್ತಿನಲ್ಲಿ ಕಣ್ಣು ತೆರೆದಳು. ಇನ್ನೊಂದು ಸುತ್ತಿನಲ್ಲಿ ಒಂದು ಕೈ ಬಿಟ್ಟು ಕುದುರೆಯ ಕತ್ತನ್ನು ಸವರಿದಳು. "ಅಲ್ಲಾಡ್ತೈತೆ ಕಣೇ!" ಎಂದು ಕೂಗಿದಳು. ಭಯವೋ ಖುಷಿಯೋ, ಎರಡೂ ಇತ್ತು ಆ ದನಿಯಲ್ಲಿ. ಸಾಕೇನಮ್ಮಾ ಎಂದು ಸಾಬರು ಕೇಳಿದರೆ, "ಇನ್ನೊಂದ್ ಸುತ್ತು, ಸಾಬ್ರೇ," ಎಂದಳು.

ಇಳಿದ ಮೇಲೆ ನನ್ನ ಹೆಗಲು ಹಿಡಿದು ನಿಂತು ನಗುತ್ತಲೇ ಇದ್ದಳು. ಸಂಜೆಯ ರೈಲು ಬಂಗಾರಪೇಟೆ ದಾಟಿದಾಗ, ನಮ್ಮೂರಿನ ಹೆಂಗಸೊಬ್ಬಳು ಎದುರು ಬಂದು ಕೂತು, "ಎಲ್ಲೋಗಿದ್ಯಕ್ಕಾ?" ಎಂದು ಕೇಳಿದಳು. ಅಮ್ಮ ಸೀರೆಗೆ ಅಂಟಿದ ಕಂದು ಕೂದಲನ್ನು ಒಂದೊಂದಾಗಿ ತೆಗೆಯುತ್ತ, ನೆಂಟರ ಮನೆಗೆ ಎಂದಳು.